ಹೆಳವರ ಹೊತ್ತಿಗೆ, ಕಂಪ್ಯೂಟರಿನ ಉತಾರ

ಸುಗ್ಗಿ ಮುಗಿದು ಜೋಳ ಮನೆ ಸೇರಿದ ಮೇಲೆ ಜಮಖಂಡಿ, ಮುಧೋಳ ಸೀಮೆಯ ಹಳ್ಳಿಗಳಿಗೆ ಹೆಳವರು ಬರುತ್ತಿದ್ದರು. ಸಿಂಗರಿಸಿದ ಎತ್ತು, ಕೈಯಲ್ಲೊಂದು ದೊಡ್ಡ ಗಂಟೆ. ರೈತನ ಅಂಗಳದಲ್ಲಿ ನಿಂತು ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಮನೆತನದ ಹೆಸರುಗಳನ್ನು ಹೇಳುವುದು, ಹೊಸ ಹೆಸರುಗಳನ್ನು ಹೊತ್ತಿಗೆಯಲ್ಲಿ ಬರೆದುಕೊಳ್ಳುವುದು, ಕಾಳು ಬಟ್ಟೆ ಪಡೆದು ಮುಂದಿನ ಊರಿಗೆ ಹೊರಡುವುದು ಅವರ ವೃತ್ತಿ. ಯಾವ ಊರು ಯಾವ ಹೆಳವರ ಪಾಲಿಗೆ ಎಂಬುದೂ ತಲೆಮಾರುಗಳಿಂದ ಹಂಚಿಕೆಯಾಗಿರುತ್ತದೆ. ಹೆಳವ ಎಂದರೆ ಕುಂಟ. ನಡೆಯಲಾರದ ಒಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟು, ಭಕ್ತರ ಮನೆತನಗಳನ್ನು ಕೊಂಡಾಡುತ್ತ ಬದುಕು ಎಂದರಂತೆ; ಈ ಕಾಯಕ ಅಲ್ಲಿಂದ ಶುರುವಾಯಿತೆಂಬುದು ಅವರ ಐತಿಹ್ಯ. ಈಗಲೂ ಬರುವವರಿದ್ದಾರೆ, ಆದರೆ ಎತ್ತಿನ ಜಾಗಕ್ಕೆ ಮೋಟಾರ್ ಸೈಕಲ್ ಬಂದಿದೆ.

ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿ ಮಾಡುವ ಮೊಮ್ಮಗ ಮಾತ್ರ ಮುತ್ತಜ್ಜನನ್ನು ಮೊಬೈಲಿನಲ್ಲಿ ಹುಡುಕುತ್ತಾನೆ. ಹುಡುಕಾಟಕ್ಕೆ ಕುತೂಹಲವೊಂದೇ ಕಾರಣವಲ್ಲ. ಹೊಲದ ವಾಟ್ನಿ ಆಗಬೇಕು, ವಾರಸಾ ಹಚ್ಚಬೇಕು. ಆಲಮಟ್ಟಿ ಹಿನ್ನೀರಿಗೆ ಬೀಳಗಿ ತಾಲ್ಲೂಕಿನಲ್ಲಿ ಊರು, ಹೊಲ ಕಳೆದುಕೊಂಡವರ ಮಕ್ಕಳು ಪರಿಹಾರದಲ್ಲಿ ಪಾಲು ಕೇಳಬೇಕಾದರೂ ವಂಶವೃಕ್ಷ ತೋರಿಸಲೇಬೇಕು.

ಅಂಥವರಿಗೆ ಮೊದಲು ಸಿಗುವುದು ‘ಭೂಮಿ’ ಯೋಜನೆಯ ಕಡತ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಯೋಜನೆ ಇದು. ಪಹಣಿಯನ್ನು ಈ ಭಾಗದ ಜನ ಉತಾರ ಎನ್ನುತ್ತಾರೆ. ಅದರಲ್ಲಿರುವ ಹಕ್ಕು ಬದಲಾವಣೆಯ ಸಂಖ್ಯೆಯನ್ನು ಬಹಳ ಜನ ಗಮನಿಸುವುದಿಲ್ಲ. ಆ ಸಂಖ್ಯೆಯ ಜಾಡು ಹಿಡಿದು ಹೋದರೆ ಹೊಲ ಕೈಬದಲಾದ ಕಾರಣ ತಿಳಿಯುತ್ತದೆ. ವಾರಸಾ ಎಂದಿದ್ದರೆ ತೀರಿಕೊಂಡವರ ಹೆಸರೂ ಉಳಿದವರ ಹೆಸರೂ ಒಟ್ಟಿಗೆ ದೊರೆತು ಒಂದು ತಲೆಮಾರು ಹಿಂದಕ್ಕೆ ಹೋದಂತಾಯಿತು. ಆದರೆ ಕಂಪ್ಯೂಟರಿನ ನೆನಪು ಶುರುವಾಗುವುದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಬಟ್ಟೆಗಂಟಿನಲ್ಲಿದೆ. ಆ ಗಂಟುಗಳನ್ನು ಬಿಚ್ಚಿ ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಲ್ಲಿ ಆರಂಭವಾಯಿತು.

ಇನ್ನೂ ಹಿಂದೆ ಹೋಗುವವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಮ್ಮ ಊರು ಯಾರ ಆಳ್ವಿಕೆಯಲ್ಲಿತ್ತು? ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ಜಿಲ್ಲೆಗೆ ಸೇರಿದ್ದು. ಇಂದು ಒಂದೇ ಹೆಸರಿನಲ್ಲಿ ಕರೆಯುವ ರಬಕವಿ-ಬನಹಟ್ಟಿಯ ಕಥೆ ಇನ್ನೂ ಸ್ವಾರಸ್ಯದ್ದು. ರಬಕವಿ ಸಾಂಗಲಿ ಸಂಸ್ಥಾನದಲ್ಲಿ, ಕೂಗಳತೆಯ ಬನಹಟ್ಟಿ ಜಮಖಂಡಿ ಸಂಸ್ಥಾನದಲ್ಲಿ. ಒಂದು ನೇಕಾರ ಮನೆತನದ ಅಣ್ಣ ಇಲ್ಲಿ, ತಮ್ಮ ಅಲ್ಲಿ ಮಗ್ಗ ಹೂಡಿದ್ದರೆ ಅವರ ಕಾಗದಪತ್ರ ಎರಡು ದರ್ಬಾರುಗಳ ದಫ್ತರಗಳಿಗೆ ಹಂಚಿಹೋಗುತ್ತಿತ್ತು. ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರಲ್ಲಿ. ಪಟವರ್ಧನರ ದಫ್ತರಗಳು ಬಹುಪಾಲು ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಸ್ಕ್ಯಾನ್ ಮಾಡಿ ಇಟ್ಟರೂ ಮೋಡಿ ಓದಬಲ್ಲವರು ಎಷ್ಟು ಮಂದಿ?

ಅಡ್ಡಹೆಸರು ಹಿಡಿದು ಹುಡುಕುವವರಿಗೂ ಒಂದು ಎಚ್ಚರಿಕೆ. ಮುಧೋಳ, ಬೀಳಗಿ, ತೇರದಾಳ ಎಂಬ ಅಡ್ಡಹೆಸರಿನವರು ಆಯಾ ಊರುಗಳಲ್ಲಿ ಸಿಗುವುದು ಕಡಿಮೆ. ಊರು ಬಿಟ್ಟು ಬಂದವರಿಗೆ ತಾನೇ ನೆರೆಹೊರೆಯವರು ಊರಿನ ಹೆಸರು ಹಚ್ಚುವುದು!

ಅಮೆರಿಕದ ಯೂಟಾ ರಾಜ್ಯದ ‘ಫ್ಯಾಮಿಲಿಸರ್ಚ್’ ಸಂಸ್ಥೆಯ ಮೂಲ 1894ರದು. 1977ರಿಂದ ಹರಿದ್ವಾರದ ಪಂಡಾಗಳ ವಹಿಗಳನ್ನು ಮೈಕ್ರೋಫಿಲ್ಮ್ ಮಾಡಿಸಿದ ಈ ಸಂಸ್ಥೆ ಉತ್ತರ ಕರ್ನಾಟಕದ ಹೆಳವರ ಹೊತ್ತಿಗೆಗಳನ್ನೂ ಡಿಜಿಟಲ್ ರೂಪಕ್ಕೆ ತರುವ ಕೆಲಸ ಕೈಗೊಂಡಿತು. ಒಳ್ಳೆಯದೇ. ಹೆಳವರ ಮಕ್ಕಳು ಬೇರೆ ಉದ್ಯೋಗ ಹಿಡಿದಾಗ ಹೊತ್ತಿಗೆ ಗೆದ್ದಲಿನ ಪಾಲಾಗುವುದಾದರೂ ತಪ್ಪೀತು.

ಬರೆದದ್ದೆಲ್ಲ ನಿಜವೆಂದು ನಂಬುವಂತೆಯೂ ಇಲ್ಲ. ಅದಕ್ಕೆ ಮುಧೋಳವೇ ಸಾಕ್ಷಿ. ಅಲ್ಲಿನ ಘೋರ್ಪಡೆ ಮನೆತನವೂ ಶಿವಾಜಿಯ ಭೋಸಲೆ ಮನೆತನವೂ ಮೇವಾಡದ ಒಂದೇ ಬೇರಿನವು ಎನ್ನಲು ಬಹಮನಿ ಸುಲ್ತಾನರದೆನ್ನಲಾದ ಫರ್ಮಾನುಗಳನ್ನು ತೋರಿಸಲಾಯಿತು. ದತ್ತೋ ವಿಷ್ಣು ಆಪ್ಟೆಯವರು 1934ರಲ್ಲಿ ಮರಾಠಿಯಲ್ಲಿ ಆ ಮನೆತನದ ಇತಿಹಾಸವನ್ನೇ ಬರೆದರು. ಆದರೆ ಆ ಫರ್ಮಾನುಗಳು ಅಸಲಿಯೇ ಎಂಬ ಸಂಶಯ ಇತಿಹಾಸಕಾರರಲ್ಲಿ ಉಳಿದೇ ಇದೆ. ಅರಸರ ವಂಶಾವಳಿಯ ಪಾಡೇ ಹೀಗಿರುವಾಗ ನಮ್ಮ ನಿಮ್ಮ ಮನೆತನದ್ದನ್ನೂ ಎರಡು ಕಡೆ ತಾಳೆ ನೋಡುವುದು ಲೇಸು.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಬೇರೊಂದಿದೆ. ಹೆಳವರು ಹೇಳುವುದು ಹೆಚ್ಚಾಗಿ ಗಂಡುಸಾಲನ್ನು. ಹಳೆಯ ಉತಾರಗಳಲ್ಲೂ ಹೆಣ್ಣುಮಕ್ಕಳ ಹೆಸರು ಅಪರೂಪ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದ ಮೇಲೆ, ಮದುವೆಯಾಗಿ ಹೋದ ಅಕ್ಕ, ಅತ್ತೆಯರ ಹೆಸರು ಹುಡುಕಬೇಕಾದಾಗ ಈ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ. ಸಾವಿರ ವರ್ಷದ ಹಿಂದೆ ಇದೇ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನ ಹಾಗೆ ಮಾಡಲಿಲ್ಲ. 993ರ ‘ಅಜಿತಪುರಾಣ’ದಲ್ಲಿ ತಂದೆ ಜಿನವಲ್ಲಭನೊಡನೆ ತಾಯಿ ಅಬ್ಬಲಬ್ಬೆಯನ್ನೂ ಹೆಂಡಿರಾದ ಜಕ್ಕಿ, ಶಾಂತಿಯರನ್ನೂ ಹೆಸರಿಸಿದ. ಮಗಳಿಗೆ ಇಟ್ಟ ಹೆಸರು ಅತ್ತಿಮಬ್ಬೆ, ತನಗೆ ಆಶ್ರಯ ಕೊಟ್ಟ ದಾನಚಿಂತಾಮಣಿಯದು.

ಅಜ್ಜಿಯ ತವರೂರು ಯಾವುದು, ಅವಳ ಅಕ್ಕತಂಗಿಯರನ್ನು ಎಲ್ಲೆಲ್ಲಿಗೆ ಕೊಟ್ಟಿದ್ದರು ಎಂಬುದು ಸದ್ಯಕ್ಕೆ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಅಜ್ಜಿ ಇರುವ ಮನೆಗಳಲ್ಲಿ ಅವಳನ್ನೇ ಕೂರಿಸಿ ಕೇಳಿ ಬರೆದುಕೊಳ್ಳಬೇಕು.