ಸೆರೆಯಿಂದ ಮರಳಿದವರು

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಏನೇನು ಇರುತ್ತದೆಂಬುದು ವಾಚಕರಿಗೆ ತಿಳಿದದ್ದೇ. ದೇವಾಲಯಕ್ಕೆ ಅಡಿಗಲ್ಲು ಇಟ್ಟವರು ಯಾರು, ಗಂಟೆ ಎಲ್ಲಿಂದ ಬಂದಿತು, ಯಾವ ಗುರುಗಳ ಕಾಲದಲ್ಲಿ ಚಾವಣಿ ಬದಲಾಯಿತು, ಯಾರು ಎಷ್ಟು ಕಾಣಿಕೆ ಕೊಟ್ಟರು, ನಮ್ಮ ಮನೆಗಳಿಂದ ಎಷ್ಟು ಮಂದಿ ಗುರುಗಳೂ ಭಗಿನಿಯರೂ ಹೊರಟರು ಎಂಬ ವಿವರಗಳೆಲ್ಲ ಈ ಸಂಚಿಕೆಯಲ್ಲಿಯೂ ಬೇರೆ ಲೇಖನಗಳಲ್ಲಿ ಬಂದಿವೆ. ನಾವು ಬರೆಯಹೊರಟಿರುವುದು ಯಾವ ಸಂಚಿಕೆಯಲ್ಲಿಯೂ ಸಾಮಾನ್ಯವಾಗಿ ಕಾಣದ ಒಂದು ಪುಟವನ್ನು. ನಮ್ಮಿಂದ ಸೆರೆಮನೆಗೆ ಹೋದವರು, ಅಲ್ಲಿಂದ ನಮ್ಮಲ್ಲಿಗೆ ಮರಳಿದವರು, ಮರಳಿದಾಗ ಅವರಿಗೆ ದೊರೆತ ಸ್ವಾಗತ, ಇದೇ ಆ ಪುಟ.

ಕಾಳಗಿ, ಚಿತ್ತಾಪುರ, ವಾಡಿ, ಶಹಾಬಾದ್, ಸೇಡಂ, ಚಿಂಚೋಳಿಗಳ ಈ ಸೀಮೆ ಹೊರಗಿನಿಂದ ಬಂದವರನ್ನು ಸೇರಿಸಿಕೊಂಡೇ ಬೆಳೆದದ್ದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆದ ಮೇಲೆ ಬಂದವರು, ಶಹಾಬಾದಿನ ಹಾಸುಗಲ್ಲಿನ ಗಣಿಗಳಿಗೆ ಬಂದವರು, ಆಮೇಲೆ ಸಿಮೆಂಟು ಕಾರ್ಖಾನೆಗಳಿಗೆ ಬಂದವರು, ಹೀಗೆ ಯಾರೂ ಇಲ್ಲಿ ಬಹಳ ದಿನ ಪರಕೀಯರಾಗಿ ಉಳಿಯಲಿಲ್ಲ. ಆದರೆ ಇಲ್ಲಿಯೇ ಹುಟ್ಟಿ, ಇಲ್ಲಿಯೇ ದೀಕ್ಷಾಸ್ನಾನ ಪಡೆದು, ಕಲಬುರಗಿಯ ಕೇಂದ್ರ ಕಾರಾಗೃಹದಲ್ಲಿ ಕೆಲವು ವರ್ಷ ಕಳೆದು ಬಂದವನು ಮಾತ್ರ ಪರಕೀಯನಾಗಿಬಿಡುತ್ತಾನೆ. ಇದು ವಿಚಿತ್ರವಲ್ಲವೆ?

ಕನ್ನಡ ನಾಡಿನ ಧರ್ಮಸಭೆಯ ಇತಿಹಾಸದಲ್ಲಿ ಸೆರೆಯಿಂದ ಮರಳಿದವರ ಬಹು ದೊಡ್ಡ ಪ್ರಸಂಗವೊಂದು ಇದೆ. ಅದು ನಮ್ಮ ಸೀಮೆಯದಲ್ಲ, ಕರಾವಳಿಯದು. 1784ರ ತಪಸ್ಸುಕಾಲದ ಆರಂಭದಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಆಗತಾನೆ ನಡೆದಿದ್ದ ಯುದ್ಧದಲ್ಲಿ ಇವರು ಆಂಗ್ಲರಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ಹೋದವರ ಸಂಖ್ಯೆಯನ್ನು ಮೂವತ್ತು ಸಾವಿರವೆಂದು ಬರೆದವರಿದ್ದಾರೆ, ಎಂಬತ್ತು ಸಾವಿರವೆಂದು ಬರೆದವರೂ ಇದ್ದಾರೆ. ಆ ವಾದ ಇತಿಹಾಸಕಾರರಿಗೆ ಇರಲಿ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತದಿಂದ ಮತ ಬದಲಿಸಬೇಕಾಗಿ ಬಂದವರು ಬಹಳ ಮಂದಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಉಳಿದವರು ಬಿಡುಗಡೆ ಹೊಂದಿದರು. ಹದಿನೈದು ವರ್ಷ! ಎತ್ತಿಕೊಂಡು ಹೋಗಿದ್ದ ಮಗು ಮೀಸೆ ಬಂದ ಯುವಕನಾಗಿ ಮರಳಿದ.

ಬಿಡುಗಡೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮರುದಿನದ ಕಥೆಯನ್ನು ಹೇಳುವವರು ಕಡಿಮೆ. ಮರಳಿ ಬಂದವರ ಮನೆಗಳಲ್ಲಿ ಬೇರೆಯವರಿದ್ದರು. ಗದ್ದೆ, ತೆಂಗಿನ ತೋಟಗಳು ಬೇರೆಯವರ ವಶದಲ್ಲಿದ್ದವು. ಆ ಬೇರೆಯವರೂ ಹದಿನೈದು ವರ್ಷ ಉತ್ತು ಬಿತ್ತಿದವರೇ. ದೇವಾಲಯಗಳು ನೆಲಸಮವಾಗಿದ್ದವು. 1799ರ ಜೂನ್‌ನಿಂದ 1800ರ ಅಕ್ಟೋಬರ್‌ವರೆಗೆ ಕೆನರಾದ ಮೊದಲ ಕಲೆಕ್ಟರರಾಗಿದ್ದ ಥಾಮಸ್ ಮನ್ರೋ ಸಾಹೇಬರು ಈ ಜಮೀನುಗಳ ಬಗ್ಗೆ ಆಜ್ಞೆಗಳನ್ನು ಹೊರಡಿಸಿದರು. ಅದರ ಬಲದಿಂದಲೂ ಧರ್ಮಸಭೆಯ ಸಹಾಯದಿಂದಲೂ ಎಷ್ಟೋ ಕುಟುಂಬಗಳಿಗೆ ನೆಲ ಮರಳಿ ದೊರೆಯಿತು. ಕರಾವಳಿಯ ಕ್ರೈಸ್ತ ಸಮಾಜ ಮತ್ತೆ ಎದ್ದು ನಿಂತದ್ದು ಆ ನೆಲದ ಮೇಲೆ. ಪ್ರಾರ್ಥನೆ ಅವರಿಗೆ ಸೆರೆಯಲ್ಲಿಯೂ ಇತ್ತು, ಇಲ್ಲದಿದ್ದುದು ಪಟ್ಟೆ.

ಇದಕ್ಕಿಂತ ನಮ್ಮ ಮನಸ್ಸನ್ನು ಹೆಚ್ಚು ಸೆಳೆದದ್ದು ಕೊಡಗಿನ ಸಂಗತಿ. ಸೆರೆಯಿಂದ ತಪ್ಪಿಸಿಕೊಂಡು ಓಡಿಬಂದ ಕ್ರೈಸ್ತರಿಗೆ ಕೊಡಗಿನ ಅರಸು ದೊಡ್ಡ ವೀರರಾಜೇಂದ್ರರು ಆಶ್ರಯ ಕೊಟ್ಟು, ತಾವು ಹೊಸದಾಗಿ ಕಟ್ಟಿಸಿದ ವೀರರಾಜಪೇಟೆಯಲ್ಲಿ ದೇವಾಲಯಕ್ಕೂ ಜಾಗ ಕೊಟ್ಟರು. ಸಂತ ಅನ್ನಮ್ಮನವರ ದೇವಾಲಯ ಅಲ್ಲಿ 1792ರಲ್ಲಿ ಆರಂಭವಾಯಿತು. ಅರಸರು ಲಿಂಗಾಯತರು, ಕ್ರೈಸ್ತರೊಡನೆ ಅವರಿಗೆ ಯಾವ ನಂಟೂ ಇರಲಿಲ್ಲ. ಆದರೆ ಅವರು ಸ್ವತಃ ಅದೇ ಸುಲ್ತಾನನ ಬಂದಿಯಾಗಿ ಪಿರಿಯಾಪಟ್ಟಣದಲ್ಲಿದ್ದು, 1788ರ ಡಿಸೆಂಬರ್‌ನಲ್ಲಿ ತಪ್ಪಿಸಿಕೊಂಡು ಬಂದವರು. ಸೆರೆಯನ್ನು ಕಂಡವನಿಗೆ ಸೆರೆಯಿಂದ ಬಂದವನ ಮುಖ ಬೇಗ ಗುರುತು ಸಿಗುತ್ತದೆಂದು ತೋರುತ್ತದೆ.

ಶ್ರೀರಂಗಪಟ್ಟಣದಲ್ಲಿಯೇ ಉಳಿದುಕೊಂಡವರ ಸ್ಥಿತಿ ಇನ್ನೂ ಕಷ್ಟದ್ದಾಗಿತ್ತು. ಬಲವಂತದಿಂದ ಮತಾಂತರಗೊಂಡವರು ಹಿಂದಿರುಗಿ ಬಂದರೆ ಅವರನ್ನು ಸೇರಿಸಿಕೊಳ್ಳುವವರಾರು? ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬೋಯಿಸರು ಕರೆಯ ಮೇರೆಗೆ ಬಂದು ಈ ಚದುರಿದ ಮಂದೆಯನ್ನು ಕೂಡಿಸಿದರು. ಅವರು ಪಾಪನಿವೇದನೆ ಕೇಳಿ ಆಶೀರ್ವದಿಸಿ ಕಳುಹಿಸಿದಷ್ಟಕ್ಕೆ ನಿಲ್ಲಲಿಲ್ಲ. ಮೈಸೂರು ಸೀಮೆಯಲ್ಲಿ ಬೇಸಾಯದ ವಸಾಹತುಗಳನ್ನು ಸ್ಥಾಪಿಸಿದರು. ಸಿಡುಬಿನ ಹಾವಳಿಯ ಕಾಲದಲ್ಲಿ, 1803-04ರಲ್ಲಿ, 25,432 ಮಂದಿಗೆ ದೇವಿ ಹಾಕಿಸಿದರೆಂಬ ಲೆಕ್ಕವೂ ಇದೆ. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಅವರು ಬರೆದ ಗ್ರಂಥದಲ್ಲಿ ನಮ್ಮ ನಾಡಿನ ಆಚಾರಗಳ ಬಗ್ಗೆ ಕಟುವಾದ ಮಾತುಗಳಿವೆ, ಅವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಮರಳಿ ಬಂದವನಿಗೆ ನೇಗಿಲು ಬೇಕೆಂಬುದನ್ನು ಅವರು ಅರಿತಿದ್ದರು.

ಅವರು ನಿರಪರಾಧಿಗಳು, ಇವರು ಅಪರಾಧಿಗಳು ಎಂದು ವಾಚಕರು ಹೇಳಬಹುದು. ಆ ಆಕ್ಷೇಪಣೆ ನ್ಯಾಯವಾದದ್ದೇ. ನಮ್ಮ ಕಾಲದ ಸೆರೆಮನೆಯಿಂದ ಬರುವವನ ಹಿಂದೆ ಅನೇಕ ವೇಳೆ ಒಂದು ಹೆಣ ಇರುತ್ತದೆ, ಆ ಹೆಣದ ಹಿಂದೆ ಒಂದು ಮನೆ ಇರುತ್ತದೆ. ಆದ್ದರಿಂದಲೇ 1919-20ರ ಭಾರತೀಯ ಕಾರಾಗೃಹ ಸಮಿತಿಯು ಸೆರೆಯ ಉದ್ದೇಶ ಮನುಷ್ಯನನ್ನು ಸುಧಾರಿಸಿ ಸಮಾಜಕ್ಕೆ ಮರಳಿಸುವುದು ಎಂದಾಗ ಅದು ಸುಲಭದ ಮಾತಾಗಿರಲಿಲ್ಲ. 1958ರ ಪರಿವೀಕ್ಷಣಾ ಕಾಯಿದೆ, 1983ರಲ್ಲಿ ವರದಿ ಸಲ್ಲಿಸಿದ ಮುಲ್ಲಾ ಸಮಿತಿ, ಹೀಗೆ ಕಾನೂನು ನಿಧಾನವಾಗಿ ಮುಂದೆ ಬಂದಿದೆ. ಕಾನೂನು ಸೆರೆಮನೆಯ ಬಾಗಿಲನ್ನು ತೆರೆಯಬಲ್ಲದು, ಓಣಿಯ ಬಾಗಿಲನ್ನು ತೆರೆಯಲಾರದು.

ಧರ್ಮಸಭೆಯಲ್ಲಿ ಈ ಕೆಲಸಕ್ಕೆ ಹೊಸ ಚಾಲನೆ ದೊರೆತದ್ದು 1981ರಲ್ಲಿ. ಕೇರಳದ ಗುರುವಿದ್ಯಾರ್ಥಿಗಳಾದ ವರ್ಗೀಸ್ ಕರಿಪ್ಪೇರಿ, ಫ್ರಾನ್ಸಿಸ್ ಕೊಡಿಯನ್ ಇವರು ಆರಂಭಿಸಿದ ಸೆರೆಮನೆ ಸೇವೆ ಈಗ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ಹೆಸರಿನಲ್ಲಿ ದೇಶಾದ್ಯಂತ ಹರಡಿದೆ. ಬಿಡುಗಡೆಯಾದವರಿಗೆ ಪುನರ್ವಸತಿ ಮನೆಗಳನ್ನೂ ನಡೆಸುತ್ತಿದೆ. ಆಶ್‌ವಿಟ್ಜ್ ಸೆರೆಯಲ್ಲಿ ಇನ್ನೊಬ್ಬ ಬಂದಿಗಾಗಿ 1941ರಲ್ಲಿ ಪ್ರಾಣ ಕೊಟ್ಟ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರು ಅದರ ಪಾಲಕರು. ಆಗಸ್ಟ್ ತಿಂಗಳ ಎರಡನೆಯ ಭಾನುವಾರ ಅದಕ್ಕಾಗಿಯೇ ಮೀಸಲು. ನಮ್ಮಲ್ಲಿ ಆ ಭಾನುವಾರ ಬಂದು ಹೋಗುತ್ತದೆ, ಅಷ್ಟೆ.

ಭಗಿನಿ ರಾಣಿ ಮರಿಯಾ ಅವರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. 1995ರ ಫೆಬ್ರವರಿ 25ರಂದು ಮಧ್ಯಪ್ರದೇಶದಲ್ಲಿ ಬಸ್ಸಿನಿಂದ ಎಳೆದು ಅವರನ್ನು ಇರಿದು ಕೊಂದವನು ಸಮಂದರ್ ಸಿಂಗ್. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ರಾಣಿ ಮರಿಯಾ ಅವರ ತಂಗಿ, ತಾವೂ ಸನ್ಯಾಸಿನಿಯಾದ ಭಗಿನಿ ಸೆಲ್ಮಿ ಪಾಲ್, ಇಂದೋರಿನ ಸೆರೆಮನೆಗೆ ಹೋಗಿ ಅವನಿಗೆ ರಾಖಿ ಕಟ್ಟಿದರು. ಕುಟುಂಬದವರೂ ಸಭೆಯವರೂ ಅವನ ಬಿಡುಗಡೆಗೆ ಮನವಿ ಸಲ್ಲಿಸಿದರು. 2006ರಲ್ಲಿ ಅವನು ಹೊರಬಂದ. ಮುಂದೆ ಕೇರಳದ ಪುಲ್ಲುವಳಿಗೆ ಹೋಗಿ ಅವರ ತಾಯಿಯ ಮುಂದೆ ನಿಂತಾಗ ಆ ವೃದ್ಧೆ ಅವನ ಕೈಗಳಿಗೆ ಮುತ್ತಿಟ್ಟಳು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಧನ್ಯರೆಂದು ಘೋಷಿತರಾದರು.

ಇದನ್ನು ಪ್ರಸಂಗದಲ್ಲಿ ಕೇಳಿ ನಾವು ಕಣ್ಣೊರೆಸಿಕೊಂಡಿದ್ದೇವೆ. ಆದರೆ ಬದುವಿನ ಜಗಳದಲ್ಲಿ ಒಬ್ಬನ ಸಾವಿಗೆ ಕಾರಣನಾಗಿ, ಶಿಕ್ಷೆ ಮುಗಿಸಿ, ನಮ್ಮದೇ ಧರ್ಮಕೇಂದ್ರದ ಒಬ್ಬನು ಕೆಲವು ವರ್ಷಗಳ ಹಿಂದೆ ಮರಳಿದಾಗ ನಾವೇನು ಮಾಡಿದೆವು? ಮೊದಲ ಭಾನುವಾರ ಅವನು ಬಲಿಪೂಜೆಗೆ ಬಂದು ಕುಳಿತ ಬೆಂಚಿನಿಂದ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ನಾವೂ ಎದ್ದವರೇ. ಎರಡನೆಯ ಭಾನುವಾರ ಅವನು ಹೊರಗೆ ಬೇವಿನ ಮರದ ಕೆಳಗೆ ನಿಂತ. ಪಡಿತರ ಚೀಟಿಯಲ್ಲಿ ಅವನ ಹೆಸರು ಉಳಿದಿರಲಿಲ್ಲ. ಅಣ್ಣನ ಮನೆಯಲ್ಲಿ ಅವನಿಗೆ ಕೋಣೆ ಉಳಿದಿರಲಿಲ್ಲ. ಕೆಲಸ ಕೇಳಿದ ಕಡೆಯಲ್ಲೆಲ್ಲ ಹತ್ತು ವರ್ಷ ಎಲ್ಲಿದ್ದೆ ಎಂಬ ಪ್ರಶ್ನೆ. ಕೊನೆಗೆ ಅವನಿಗೆ ಕೆಲಸ ಕೊಟ್ಟದ್ದು ಕಲ್ಲುಗಣಿಯ ಒಬ್ಬ ಮುಸ್ಲಿಂ ಗುತ್ತಿಗೆದಾರರು. ಆಗಿನ ವಿಚಾರಣಾ ಗುರುಗಳು ಚೀಟಿ ಮಾಡಿಸಲು ಅವನೊಡನೆ ತಹಸೀಲು ಕಚೇರಿಗೆ ಮೂರು ಸಲ ಅಲೆದರು. ಗಣಿಯ ಬಳಿಯ ಓಣಿಯಲ್ಲಿ ಅವನಿಗೊಂದು ಮನೆಯೂ ದೊರೆಯಿತು. ಇಷ್ಟರಲ್ಲಿ ನಮ್ಮ ಪಾಲು ಬಹಳ ಸ್ವಲ್ಪ.

ಸತ್ತವನ ತಾಯಿಯೂ ನಮ್ಮವರೇ. ಪ್ರತಿ ಭಾನುವಾರ ಬರುವವರು. ಅವರು ಅವನೊಡನೆ ಈವರೆಗೆ ಮಾತನಾಡಿಲ್ಲ. ಪುಲ್ಲುವಳಿಯ ತಾಯಿಯ ಕಥೆಯನ್ನು ಅವರ ಮುಂದೆ ಹಿಡಿದು ಹೀಗೆ ಮಾಡಿರೆಂದು ಹೇಳುವ ಅಧಿಕಾರ ನಮಗಿಲ್ಲವೆಂದೇ ತಿಳಿದಿದ್ದೇವೆ. ಬೆಂಚಿನಿಂದ ಎದ್ದ ನಮಗೆ ಆ ನೋವು ಇರಲಿಲ್ಲ. ನಮ್ಮ ಲೆಕ್ಕ ಬೇರೆ.

ಈ ಸಂಚಿಕೆಯ ಕೊನೆಯಲ್ಲಿ ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯನ್ನು ಮುದ್ರಿಸಿದೆ. ಅವನ ಮನೆಯ ಹೆಸರು ಅದರಲ್ಲಿ ಇರಬೇಕೆ ಎಂಬ ಬಗ್ಗೆ ಸಮಿತಿಯಲ್ಲಿ ಎರಡು ಸಭೆಗಳು ನಡೆದವು, ಧ್ವನಿಗಳೂ ಏರಿದವು. ಕೊನೆಗೆ ಇಬ್ಬರು ಸದಸ್ಯರು ಆ ತಾಯಿಯನ್ನೇ ಹೋಗಿ ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಕಿರಿ, ಆದರೆ ನಮ್ಮ ಮನೆಯ ಹೆಸರಿನ ಪಕ್ಕದಲ್ಲಿ ಬೇಡ ಎಂದರು. ಅಕಾರಾದಿಯಲ್ಲಿ ಆ ಎರಡು ಹೆಸರುಗಳು ಒಂದರ ಕೆಳಗೊಂದು ಬರುತ್ತಿದ್ದವು. ಆದ್ದರಿಂದ ಪಟ್ಟಿಯನ್ನು ಓಣಿಗಳ ಪ್ರಕಾರ ಜೋಡಿಸಿದ್ದೇವೆ. ತಮ್ಮ ಹೆಸರನ್ನು ಹುಡುಕಲು ಕೊಂಚ ಹೊತ್ತು ಹಿಡಿದರೆ ವಾಚಕರು ಮನ್ನಿಸಬೇಕು.