ಮೀನಿನ ದಾರಿಯ ಹಕ್ಕು: ಸೇಲಿಶ್ ಕಡಲಿನ ಸಾಲ್ಮನ್ ಮತ್ತು ರೀಫ್‌ನೆಟ್ ಜ್ಞಾನ

ನದಿಗೆ ಹತ್ತಿದ ಸಾಲ್ಮನ್ ಮೀನಿಗೆ ಎರಡು ದಡಗಳ ನಡುವೆ ಒಂದೇ ದಾರಿ. ಕಾದು ಕುಳಿತವರಿಗೆ ಅದು ಸಿಕ್ಕೀತು. ಅದೇ ಮೀನು ಇನ್ನೂ ಕಡಲಿನಲ್ಲಿರುವಾಗ ಎಲ್ಲಿ ಹಾದುಹೋಗುತ್ತದೆ ಎಂದು ಹೇಳುವುದು ಕಷ್ಟ. ಅದರ ಮಾಂಸ ಕೊಬ್ಬಿ ರುಚಿಯಾಗಿರುವುದೂ ಆಗಲೇ. ನದಿ ಹೊಕ್ಕ ಸಾಲ್ಮನ್ ಮೇವು ಬಿಟ್ಟು, ಮೈಯ ಕೊಬ್ಬನ್ನೇ ಕರಗಿಸಿಕೊಂಡು ಈಜುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೂ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೂ ಸೇರಿದ ಸೇಲಿಶ್ ಕಡಲಿನಲ್ಲಿ ಈ ಕಷ್ಟವನ್ನು ಬಹಳ ಹಿಂದೆಯೇ ಬಿಡಿಸಿದವರು ಲಮ್ಮಿ, ಸಾನಿಚ್, ಸಾಮಿಶ್ ಮೊದಲಾದ ಸ್ಟ್ರೇಟ್ಸ್ ಸೇಲಿಶ್ ಜನ. ಅವರ ರೀಫ್‌ನೆಟ್ ಪದ್ಧತಿಯಲ್ಲಿ ಮೀನಿನ ಜಾಡು ತಿಳಿಯುವ ಜ್ಞಾನವೂ ಅದನ್ನು ಹಿಡಿಯುವ ಹಕ್ಕೂ ಒಂದೇ ಸ್ಥಳಕ್ಕೆ ಬೆಸೆದುಕೊಂಡಿದ್ದವು. ಮುಂದಿನ ಕಾನೂನು ಹೋರಾಟಗಳನ್ನು ಈ ಬೆಸುಗೆಯನ್ನು ಬಿಟ್ಟು ಅರ್ಥ ಮಾಡಿಕೊಳ್ಳಲಾಗದು ಎಂಬುದು ಈ ಲೇಖನದ ವಾದ.

ಮೊದಲು ಮೀನಿನ ನಡೆಯನ್ನು ನೋಡೋಣ. ಚಿನೂಕ್ ಸಾಲ್ಮನ್ ಹೆರಿಂಗ್ ಮತ್ತು ಸ್ಯಾಂಡ್ ಲ್ಯಾನ್ಸ್ ಎಂಬ ಸಣ್ಣ ಮೀನುಗಳನ್ನು ಬೆನ್ನಟ್ಟಿ, ಹೆಚ್ಚಾಗಿ ಆಳದಲ್ಲಿ, ಮಬ್ಬು ಬೆಳಕಿನಲ್ಲಿ ಮೇಯುತ್ತದೆ. ಸ್ಯಾಂಡ್ ಲ್ಯಾನ್ಸ್ ಮರಳಿನಲ್ಲಿ ಹುದುಗುವ ಮೀನಾದ್ದರಿಂದ ನೀರಿನಡಿಯ ಮರಳುದಿಬ್ಬವೇ ಚಿನೂಕ್‌ನ ಸುಳಿವು. ಕೊಹೊ ಸಾಮಾನ್ಯವಾಗಿ ಮೇಲಿನ ಪದರದಲ್ಲಿರುತ್ತದೆ. ಉಬ್ಬರದ ನೀರು ಭೂಶಿರವೊಂದನ್ನು ಸುತ್ತಿ ಹರಿಯುವಾಗ ಅದರ ಹಿಂಬದಿಯಲ್ಲಿ ಮರುಸುಳಿ ಏಳುತ್ತದೆ. ಸಣ್ಣ ಮೀನು ಅಲ್ಲಿ ಒಟ್ಟುಗೂಡಿದರೆ ಸಾಲ್ಮನ್ ಅದನ್ನು ಹುಡುಕಿಕೊಂಡು ಬರುತ್ತದೆ. ಸಾಕೈ ಸಾಲ್ಮನ್‌ನ ಕಥೆ ಬೇರೆ. ಅದು ಮುಖ್ಯವಾಗಿ ತೇಲುವ ಪುಟ್ಟ ಪ್ರಾಣಿಗಳನ್ನು ತಿನ್ನುತ್ತದೆ, ಬೇಸಿಗೆಯಲ್ಲಿ ದೊಡ್ಡ ಹಿಂಡುಗಳಾಗಿ ಫ್ರೇಸರ್ ನದಿಯತ್ತ ಸಾಗುತ್ತದೆ. ವ್ಯಾಂಕೂವರ್ ದ್ವೀಪ ಅದರ ದಾರಿಗೆ ಅಡ್ಡ ನಿಂತಿದೆ. ದಕ್ಷಿಣಕ್ಕೆ ಹ್ವಾನ್ ಡಿ ಫ್ಯೂಕ ಜಲಸಂಧಿ, ಉತ್ತರಕ್ಕೆ ಜಾನ್‌ಸ್ಟನ್ ಜಲಸಂಧಿ. ಕಡಲು ಬೆಚ್ಚಗಿರುವ ವರ್ಷಗಳಲ್ಲಿ ಹೆಚ್ಚು ಮೀನು ಉತ್ತರದ ದಾರಿ ಹಿಡಿಯುತ್ತದೆ. 56 ವರ್ಷಗಳ ಮೀನುಗಾರಿಕೆಯ ದಾಖಲೆಗಳನ್ನು ಪರಿಶೀಲಿಸಿದ ನೇಥನ್ ಪಟ್‌ಮನ್ ಮತ್ತು ಸಂಗಡಿಗರು, ಭೂಕಾಂತ ಕ್ಷೇತ್ರದ ನಿಧಾನ ಬದಲಾವಣೆಗೂ ಈ ಆಯ್ಕೆಗೂ ಸಂಬಂಧವಿದೆ ಎಂದು 2013ರಲ್ಲಿ ತೋರಿಸಿದರು. ಹೊರಕಡಲಿನಿಂದ ದಡದವರೆಗೆ ಕಾಂತಕ್ಷೇತ್ರದ ನೆನಪು, ಅಲ್ಲಿಂದ ಹುಟ್ಟಿದ ಹೊಳೆಯವರೆಗೆ ನೀರಿನ ವಾಸನೆ: ಸಾಲ್ಮನ್‌ಗೆ ದಾರಿ ತೋರುವ ಎರಡು ದೊಡ್ಡ ಗುರುತುಗಳಿವು.

ದಕ್ಷಿಣದ ದಾರಿ ಹಿಡಿದ ಸಾಕೈ ದ್ವೀಪಗಳ ನಡುವೆ ನುಗ್ಗಿ, ಕಡಲಕಳೆ ದಟ್ಟವಾಗಿ ಬೆಳೆದ ಬಂಡೆಸಾಲುಗಳ ಮೇಲೆ ಹಾಯುತ್ತದೆ. ಲಮ್ಮಿ, ಸಾನಿಚ್ ಜನ ಬಲೆಯನ್ನು ಮೀನಿನ ಹಿಂದೆ ಎಳೆದುಕೊಂಡು ಹೋಗಲಿಲ್ಲ. ಕಡಲಕಳೆಯ ನಡುವೆ ಓಣಿಯೊಂದನ್ನು ಬಿಡಿಸಿದರು; ಆಳವಾದಲ್ಲಿ ಕಲ್ಲಿನ ಲಂಗರುಗಳಿಗೆ ಹಗ್ಗ ಬಿಗಿದು, ಅದರ ಎಳೆಗಳ ನಡುವೆ ಕಡಲಂಚಿನ ಹುಲ್ಲು ಸಿಕ್ಕಿಸಿ, ಮೇಲೇರುತ್ತ ಬರುವ ಕೃತಕ ತಳವನ್ನೇ ಕಟ್ಟಿದರು. ತಳ ಮೇಲೆದ್ದಂತೆ ಮೀನೂ ಮೇಲೇರುತ್ತಿತ್ತು. ಓಣಿಯ ಕೊನೆಯಲ್ಲಿ ಸಮಾನಾಂತರವಾಗಿ ನಿಂತ ಎರಡು ದೋಣಿಗಳ ನಡುವೆ ಬಲೆ ಇಳಿಬಿಟ್ಟಿರುತ್ತಿತ್ತು. ದೋಣಿಯಲ್ಲಿ ನಿಂತ ಕಾವಲುಗಾರ ನೀರಿನೊಳಗೆ ಕಣ್ಣು ನೆಟ್ಟು, ಹಿಂಡು ಬಲೆಯ ಮೇಲೆ ಬಂದ ಕ್ಷಣಕ್ಕೆ ಕೂಗು ಹಾಕಬೇಕು. ಕೂಡಲೇ ಬಲೆ ಎತ್ತಬೇಕು. ಉಬ್ಬರದ ದಿಕ್ಕು, ಬೆಳಕಿನ ಕೋನ, ನೀರಿನ ತಿಳಿ, ತಳದ ಆಕಾರ ಇವೆಲ್ಲ ಸರಿಹೊಂದುವ ತಾಣಗಳು ಎಲ್ಲೆಂದರಲ್ಲಿ ಇರಲಿಲ್ಲ. ಅಂಥ ತಾಣಗಳು ಕುಟುಂಬಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬರುತ್ತಿದ್ದವು ಎಂಬುದನ್ನು ಮಾನವಶಾಸ್ತ್ರಜ್ಞ ವೇಯ್ನ್ ಸಟಲ್ಸ್ 1951ರ ತಮ್ಮ ಪ್ರಬಂಧದಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಮೀನಿನ ಮಾರ್ಗಶಾಸ್ತ್ರವನ್ನೂ ಆಸ್ತಿಯ ಕಾನೂನನ್ನೂ ಒಟ್ಟಿಗೆ ಹೇಳುವ ಇಷ್ಟು ಸಮರ್ಥವಾದ ಇನ್ನೊಂದು ಮೀನುಗಾರಿಕೆ ನನ್ನ ಓದಿನಲ್ಲಿ ಸಿಕ್ಕಿಲ್ಲ.

ಅಮೆರಿಕದ ಬದಿಯಲ್ಲಿ 1855ರ ಪಾಯಿಂಟ್ ಎಲಿಯಟ್ ಒಪ್ಪಂದ ಲಮ್ಮಿಗಳ ರೂಢಿಯ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿತ್ತು. ಆದರೆ 1890ರ ದಶಕದಲ್ಲಿ ಡಬ್ಬಿ ಮೀನಿನ ಕಂಪನಿಗಳು ಪಾಯಿಂಟ್ ರಾಬರ್ಟ್ಸ್‌ನಲ್ಲಿ ಗೂಟ ನೆಟ್ಟು ಬೃಹತ್ ಬೋನುಬಲೆಗಳನ್ನು ಕಟ್ಟಿದವು. ಲಮ್ಮಿಗಳ ಬಂಡೆಸಾಲಿಗೆ ಬರುವ ಮೀನಿನ ದಾರಿಗೇ ಅವು ಅಡ್ಡವಾದವು. ದಾವೆ ನಡೆದು, 1897ರಲ್ಲಿ ತೀರ್ಪು ಲಮ್ಮಿಗಳ ವಿರುದ್ಧ ಬಂತು. ಅಂದರೆ ತಾಣ ಅವರದಾಗಿಯೇ ಇದ್ದರೂ ಅಲ್ಲಿಗೆ ಬರುವ ದಾರಿ ಅವರದಾಗಿ ಉಳಿಯಲಿಲ್ಲ. 1934ರಲ್ಲಿ ವಾಷಿಂಗ್ಟನ್ ಮತದಾರರು ಬೋನುಬಲೆಗಳನ್ನು ನಿಷೇಧಿಸಿದ ಮೇಲೆ ಬಿಳಿಯ ಮೀನುಗಾರರು ರೀಫ್‌ನೆಟ್ ತಾಣಗಳಿಗೇ ಇಳಿದರು, ಲಮ್ಮಿಗಳು ಅಲ್ಲಿಂದಲೂ ಬದಿಗೆ ಸರಿಯಬೇಕಾಯಿತು. 1974ರ ಫೆಬ್ರುವರಿ 12ರಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕೊಟ್ಟ ತೀರ್ಪು ಹಿಡಿಯಬಹುದಾದ ಸಾಲ್ಮನ್‌ನಲ್ಲಿ ಅರ್ಧದಷ್ಟು ಪಾಲು ಒಪ್ಪಂದದ ಬುಡಕಟ್ಟುಗಳದ್ದು ಎಂದಿತು; ಲಮ್ಮಿಗಳ ರೂಢಿಯ ತಾಣಗಳೆಂದು ಗುರುತಿಸಿದವುಗಳಲ್ಲಿ ಓರ್ಕಸ್, ಸಾನ್ ವಾನ್, ಲಮ್ಮಿ ದ್ವೀಪಗಳ ರೀಫ್‌ನೆಟ್ ತಾಣಗಳೂ ಸೇರಿದ್ದವು.

ಮೀನಿನ ಜಾಡು ತಿಳಿಯುವ ಜ್ಞಾನ ಇಂದಿಗೂ ಬೇಕು. ಇಂದಿನ ಹವ್ಯಾಸಿ ಗಾಳಗಾರರು ಡೌನ್‌ರಿಗರ್‌ನ ಸೀಸದ ಗುಂಡಿನಿಂದ ಗಾಳವನ್ನು ಬೇಕಾದ ಆಳಕ್ಕೆ ಇಳಿಸುತ್ತಾರೆ, ಫ್ಲ್ಯಾಷರ್‌ನ ಮಿನುಗಿನಿಂದ ಮೀನನ್ನು ಸೆಳೆಯುತ್ತಾರೆ. ಸೋನಾರ್ ಪರದೆ ನೀರಿನಡಿ ಏನೋ ಇದೆ ಎನ್ನುತ್ತದೆ. ಆದರೆ ಎಷ್ಟು ಹೊತ್ತಿಗೆ ಯಾವ ಭೂಶಿರದ ಹಿಂದೆ ಹೋಗಬೇಕೆಂದು ತಿಳಿಯಲು ಉಬ್ಬರದ ಕೋಷ್ಟಕ ಮತ್ತು ಹಳೆಯ ಅನುಭವವೇ ಬೇಕು. ಸೇಲಿಶ್ ಕಡಲಿನ ದಕ್ಷಿಣ ಭಾಗವಾದ ಪ್ಯೂಜೆಟ್ ಸೌಂಡ್‌ನ ಚಿನೂಕ್ 1999ರಿಂದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹಾಗಾಗಿ ಅನೇಕ ಕಡೆ, ಬೆನ್ನಿನ ಚಿಕ್ಕ ಕೊಬ್ಬಿನ ರೆಕ್ಕೆ ಕತ್ತರಿಸಿದ ಮೀನುಮರಿ ಕೇಂದ್ರದ ಮೀನನ್ನು ಮಾತ್ರ ಇಟ್ಟುಕೊಂಡು ನೈಸರ್ಗಿಕವಾಗಿ ಹುಟ್ಟಿದ ಮೀನನ್ನು ಬಿಡಬೇಕು. ಗಾಳ ಚುಚ್ಚಿದ ಮೀನು ಬಿಟ್ಟ ಮೇಲೆ ಬದುಕುತ್ತದೆಂಬ ಖಾತ್ರಿಯಿಲ್ಲ. ರೀಫ್‌ನೆಟ್ ಮೀನನ್ನು ಜೀವಂತವಾಗಿ ಎತ್ತುತ್ತದೆ. ಬೇಡವಾದ ಜಾತಿಯನ್ನು ಹೆಚ್ಚು ಗಾಯವಿಲ್ಲದೆ ನೀರಿಗೆ ಮರಳಿಸಬಹುದು. ಸಂರಕ್ಷಣೆಯ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ.

ಇತ್ತ ಸಾನಿಚ್ ಜನರಿರುವ ಕೆನಡಾದ ಸರ್ಕಾರ 1916ರಲ್ಲಿ ರೀಫ್‌ನೆಟ್ ನಿಷೇಧಿಸಿತು. 1852ರ ಡಗ್ಲಸ್ ಒಪ್ಪಂದ ಸಾನಿಚ್ ಜನರಿಗೆ ಹಿಂದಿನಂತೆಯೇ ಮೀನು ಹಿಡಿಯಬಹುದೆಂಬ ಭರವಸೆ ಕೊಟ್ಟಿದ್ದರೂ ಹೀಗಾಯಿತು. ಸಾನಿಚ್ ಸಮುದಾಯದವರೇ ಆದ ವಿದ್ವಾಂಸ ನಿಕೊಲಸ್ ಕ್ಲಾಕ್ಸ್‌ಟನ್ ವಿಕ್ಟೋರಿಯಾ ವಿಶ್ವವಿದ್ಯಾಲಯದ ತಮ್ಮ ಸಂಶೋಧನೆಯ ಭಾಗವಾಗಿ ಹಿರಿಯರು ಮತ್ತು ಎಳೆಯರೊಂದಿಗೆ ಬಲೆ ಹೆಣೆದು, 2014ರಲ್ಲಿ ಪೆಂಡರ್ ದ್ವೀಪದ ಬಳಿ ಅದನ್ನು ಮತ್ತೆ ನೀರಿಗಿಳಿಸಿದರು. ಕೆಲವು ಮೀನು ಪಾರಾಗಿ ಮೊಟ್ಟೆಯಿಡುವ ಹೊಳೆ ಸೇರಲೆಂದು ಸಾನಿಚ್ ಬಲೆಯ ತುದಿಗೆ ವಿಲೋ ಕಡ್ಡಿಯ ಬಳೆಯೊಂದನ್ನು ಹೆಣೆಯುತ್ತಿದ್ದರು ಎಂದೂ ಅವರು ಬರೆದಿದ್ದಾರೆ. ಗಡಿಯ ಆಚೆ ಬೋಲ್ಟ್ ತೀರ್ಪು ಹಕ್ಕನ್ನು ಮೀನಿನ ಪಾಲಿನಲ್ಲಿ ಅಳೆಯಿತು. ಸಾನಿಚ್ ಕುಟುಂಬಗಳು ಕೇಳುತ್ತಿರುವುದು ಪಾಲನ್ನಷ್ಟೇ ಅಲ್ಲ, ಬಲೆ ನಿಲ್ಲುವ ಆ ನಿರ್ದಿಷ್ಟ ನೀರನ್ನೂ.