ಖುಷ್ಕಿ ಮತ್ತು ಬಾಗಾಯ್ತು

ಪಹಣಿ ಪತ್ರಿಕೆಯನ್ನು ಯಾರೂ ಖುಷಿಗಾಗಿ ಓದುವುದಿಲ್ಲ. ಸಾಲಕ್ಕೋ ದಾವೆಗೋ ಬೇಕಾದಾಗ ಮಾತ್ರ ಕೈಗೆ ಬರುವ ಹಾಳೆ ಅದು. ಆದರೆ ಅದರಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂಬ ಮೂರು ಮಾತುಗಳಿವೆಯಲ್ಲ, ಅವುಗಳ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮೂರರ ಬೇರೂ ಪಾರಸಿಯಲ್ಲಿದೆ. ಖುಷ್ಕ್ ಎಂದರೆ ಒಣಗಿದ್ದು, ತರ್ ಎಂದರೆ ಒದ್ದೆ, ಬಾಗ್ ಎಂದರೆ ತೋಟ. ಸುಲ್ತಾನರು ಹೋದರು, ನಿಜಾಮರು ಹೋದರು, ಬ್ರಿಟಿಷರೂ ಹೋದರು. ಈ ಮೂರು ಮಾತುಗಳು ಮಾತ್ರ ಕುಲಕರ್ಣಿಯ ದಫ್ತರದಿಂದ ಕಂಪ್ಯೂಟರಿನವರೆಗೂ ನಡೆದು ಬಂದಿವೆ.

ನಮ್ಮಲ್ಲಿ ಖುಷ್ಕಿಗೂ ಬಾಗಾಯ್ತಿಗೂ ನಡುವೆ ಒಂದು ಬಾವಿಯ ಅಂತರ. ಈ ಮಾತುಗಳು ಹುಟ್ಟಿದ ನಾಡಿನಲ್ಲಿ ಅವುಗಳ ನಡುವೆ ಇರುವುದು ಒಂದು ಗೋಡೆ. ಗೋಡೆಯ ಈಚೆ ನೆರಳು, ಹಣ್ಣು, ಹರಿಯುವ ನೀರು. ಆಚೆ ಉಸುಕು, ಕಲ್ಲು, ಬಿಸಿಗಾಳಿ. ಸುತ್ತ ಗೋಡೆ ಕಟ್ಟಿದ ಜಾಗಕ್ಕೆ ಹಳೆಯ ಇರಾನಿನ ಭಾಷೆಯಲ್ಲಿ ಪೈರಿದೇಜ ಎಂಬ ಹೆಸರಿತ್ತು. ಗ್ರೀಕರು ಆ ಮಾತನ್ನು ತಮ್ಮ ಬಾಯಿಗೆ ಹೊಂದಿಸಿಕೊಂಡರು, ಅವರಿಂದ ಅದು ಯುರೋಪಿಗೆ ಹೋಗಿ ಪ್ಯಾರಡೈಸ್ ಆಯಿತು. ಸ್ವರ್ಗ ಎಂದರೆ ಮೂಲದಲ್ಲಿ ಒಂದು ಕಾಂಪೌಂಡು ಅನ್ನಿ! ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಸೈರಸ್ ದೊರೆ ಪಸರ್ಗಡೆಯಲ್ಲಿ ಮಾಡಿಸಿದ ತೋಟದ ಕಲ್ಲಿನ ಕಾಲುವೆಗಳು, ನಡುನಡುವೆ ಇಟ್ಟ ಚೌಕದ ಪುಟ್ಟ ತೊಟ್ಟಿಗಳು ಅಗೆತದಲ್ಲಿ ಸಿಕ್ಕಿವೆ. ಗಿಡಗಳು ಹೋಗಿವೆ, ನೀರಿನ ದಾರಿ ಉಳಿದಿದೆ.

ಇರಾನಿನ ಕೆರ್ಮಾನ್ ಪ್ರಾಂತದಲ್ಲಿ, ಲೂತ್ ಮರುಭೂಮಿಯ ಅಂಚಿಗೆ, ಮಾಹಾನ್ ಎಂಬ ಸಣ್ಣ ಊರಿದೆ. ಆ ಕಡೆ ವರ್ಷದ ಮಳೆ 150 ಮಿಲಿಮೀಟರ್ ಮುಟ್ಟುವುದೂ ಕಷ್ಟ. ಊರ ಹೊರಗೆ ಶಾಹ್‌ಜಾದೆ ಎಂಬ ತೋಟ, ಅಂದರೆ ರಾಜಕುಮಾರನ ತೋಟ. 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ರಾಜ್ಯಪಾಲನೊಬ್ಬ ಕಟ್ಟಿಸಿದ್ದು. ಸುಮಾರು ಐದೂವರೆ ಹೆಕ್ಟೇರಿನ ಉದ್ದನೆಯ ಚೌಕ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿದು ಬರುತ್ತದೆ. ಮಧ್ಯದ ಕಾಲುವೆಯ ಎರಡೂ ಬದಿಗೆ ಸರ್ವೆಯಂಥ ಎತ್ತರದ ಮರಗಳು, ಅವುಗಳ ಹಿಂದೆ ಹಣ್ಣಿನ ಗಿಡಗಳು. ಮಾಲಿಕ ಸತ್ತ ಸುದ್ದಿ ಬಂದಾಗ ಹೆಬ್ಬಾಗಿಲಿನ ಕೆಲಸ ನಡೆದಿತ್ತಂತೆ. ಕೂಲಿ ಕೊಡುವವನೇ ಹೋದ ಮೇಲೆ ಇನ್ನೇನು ಎಂದು ಗೌಂಡಿ ಕೈಯಲ್ಲಿದ್ದ ಗಾರೆಯನ್ನು ಗೋಡೆಗೆ ಎಸೆದು ನಡೆದುಬಿಟ್ಟನಂತೆ. ನಿಜವೋ ಕಥೆಯೋ, ಬಾಗಿಲ ಮೇಲೆ ಹೆಂಚು ಕೂರಿಸದ ಖಾಲಿ ಜಾಗಗಳು ಹಾಗೇ ಉಳಿದಿವೆ.

ಇಂಥ ತೋಟವನ್ನು ನೋಡುವವರು ಕಾರಂಜಿ ನೋಡಿ ಮರುಳಾಗುತ್ತಾರೆ. ನೋಡಬೇಕಾದದ್ದು ನೆಲದ ಕೆಳಗಿದೆ. ಬೆಟ್ಟದ ಬುಡದಲ್ಲಿ ಮೊದಲು ಒಂದು ತಾಯಿಬಾವಿ ತೋಡುತ್ತಾರೆ. ನೀರು ಸಿಕ್ಕಿದ ಆಳಕ್ಕೆ ಸರಿಯಾಗಿ, ದೂರದ ತಗ್ಗಿನಿಂದ ಒಂದು ಸುರಂಗವನ್ನು ಅಗೆಯುತ್ತ ಬರುತ್ತಾರೆ. ಇಳಿಜಾರು ಇದ್ದೂ ಇಲ್ಲದಂತಿರಬೇಕು. ಹೆಚ್ಚಾದರೆ ನೀರು ರಭಸದಿಂದ ಸುರಂಗವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಅಲ್ಲಲ್ಲಿ ಗಾಳಿಗೆ, ಮಣ್ಣು ಎತ್ತುವುದಕ್ಕೆ ಕಿಂಡಿಬಾವಿಗಳು. ಇದಕ್ಕೆ ಕನಾತ್ ಎನ್ನುತ್ತಾರೆ, ಕಾರೀಜ್ ಎಂದೂ ಹೆಸರುಂಟು. (ಮದುವೆ ಚಪ್ಪರಕ್ಕೆ ಕಟ್ಟುವ ನಮ್ಮ ಕನಾತು ಬೇರೆ.) ಗೊನಾಬಾದಿನ ಒಂದು ಕನಾತ್ 33 ಕಿಲೋಮೀಟರ್ ಉದ್ದವಿದೆ. ಒಳಗೆ ಅಗೆಯುವವರು ಬಿಳಿ ಬಟ್ಟೆ ತೊಡುತ್ತಿದ್ದರು. ಸುರಂಗ ಕುಸಿದರೆ ಅದೇ ಹೆಣದ ಬಟ್ಟೆ. ಎಣ್ಣೆ ದೀಪ ಕಣ್ಣಿಗೆ ನೇರ ತೋರಿಸುತ್ತಿತ್ತು, ಗಾಳಿ ಕೆಟ್ಟರೆ ತಾನು ಆರಿ ಎಚ್ಚರಿಸುತ್ತಿತ್ತು. ಎತ್ತು ಬೇಡ, ಮೋಟ ಬೇಡ, ಏತ ಬೇಡ. ನೀರು ತಾನಾಗಿ ನಡೆದು ಬರುತ್ತದೆ. ಬಿಸಿಲು ಅದನ್ನು ಮುಟ್ಟುವುದು ತೋಟಕ್ಕೆ ಬಂದ ಮೇಲೆಯೇ.

ತೋಟದೊಳಗಿನ ಜಾಣತನವೂ ಅದೇ ಜಾತಿಯದು. ಓಡಾಡುವ ದಾರಿ ಎತ್ತರದಲ್ಲಿ, ಮಡಿಗಳು ತಗ್ಗಿನಲ್ಲಿ. ಬಿಟ್ಟ ನೀರು ಹೊರಗೆ ಹೋಗುವುದಿಲ್ಲ. ಎತ್ತರದ ಮರದ ನೆರಳಲ್ಲಿ ದಾಳಿಂಬೆ, ದಾಳಿಂಬೆಯ ನೆರಳಲ್ಲಿ ಸೊಪ್ಪು ಸದೆ. ಮರಳು ತೂರುವ ಗಾಳಿಯನ್ನು ಗೋಡೆ ತಡೆಯುತ್ತದೆ. ತೋಟ ಕುಡಿದು ಮಿಕ್ಕ ನೀರು ಕೆಳಗಿನ ಹೊಲಗಳಿಗೆ.

ಈ ‘ಮಿಕ್ಕ’ ಎನ್ನುವ ಮಾತನ್ನು ಮರೆಯಬಾರದು. ನೀರು ಮೊದಲು ಬರುತ್ತಿದ್ದುದು ಉಳ್ಳವರ ಮನೆ, ಉಳ್ಳವರ ತೋಟಕ್ಕೆ. ಗೋಧಿ ಬೆಳೆಯುವ ಬಡವನ ಸರದಿ ಆಮೇಲೆ. ಕನಾತನ್ನು ಸಮಾನತೆಯ ಸ್ವರ್ಗವೆಂದು ಹೊಗಳುವವರ ಜೊತೆ ನಾನಿಲ್ಲ. ಆದರೆ ಸರದಿ ಎಂಬುದೊಂದು ಇತ್ತು, ಅದನ್ನು ಅಳೆಯುತ್ತಿದ್ದರು. ದೊಡ್ಡ ಪಾತ್ರೆಯ ನೀರಿನಲ್ಲಿ ತಳಕ್ಕೆ ತೂತಿರುವ ಬಟ್ಟಲನ್ನು ತೇಲಿಬಿಟ್ಟು, ಅದು ಮುಳುಗುವಷ್ಟು ಹೊತ್ತು ಒಬ್ಬೊಬ್ಬರಿಗೆ ನೀರು. ನಮ್ಮ ಜೋಯಿಸರ ಗಳಿಗೆ ಬಟ್ಟಲೇ ಅದು. ಹಂಚುವವನು ಮೀರಾಬ್, ನಮ್ಮ ಕೆರೆಗಳ ನೀರುಗಂಟಿಯ ಅಣ್ಣ.

9ನೆಯ ಶತಮಾನದಲ್ಲಿ ಖುರಾಸಾನವನ್ನು ಆಳುತ್ತಿದ್ದ ಅಬ್ದುಲ್ಲಾ ಇಬ್ನ್ ತಾಹಿರನ ಮುಂದೆ ಕನಾತಿನ ಜಗಳಗಳು ಒಂದರ ಮೇಲೊಂದು ಬರುತ್ತಿದ್ದವು. ಧರ್ಮಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆತ ಖುರಾಸಾನದ ಮತ್ತು ಇರಾಕಿನ ಪಂಡಿತರನ್ನು ಕೂಡಿಸಿ ಕನಾತಿನ ಕಟ್ಟಳೆಗಳ ಪುಸ್ತಕವನ್ನೇ ಬರೆಸಿದ. ಇನ್ನೂರು ವರ್ಷಗಳ ನಂತರವೂ ಅದು ಬಳಕೆಯಲ್ಲಿತ್ತೆಂದು ಇತಿಹಾಸಕಾರ ಗರ್ದೀಜಿ ಬರೆದಿದ್ದಾನೆ. ಆ ನಾಡಿನ ನೀರಿನ ಕಟ್ಟಳೆಯ ತಿರುಳು ಹರೀಮ್ ಎಂಬುದು. ಒಬ್ಬರ ಕನಾತಿನ ಸುತ್ತ ಇಷ್ಟು ದೂರದೊಳಗೆ ಇನ್ನೊಬ್ಬರು ಬಾವಿ ತೋಡಕೂಡದು. ಗಟ್ಟಿ ನೆಲದಲ್ಲಿ ಈ ದೂರ ಕಡಿಮೆ, ಸಡಿಲ ನೆಲದಲ್ಲಿ ಹೆಚ್ಚು. ನೆಲ ನಿನ್ನದಾದರೂ ನೆಲದಡಿಯ ನೀರಿಗೆ ನೆರೆಯವನಿದ್ದಾನೆ ಎಂದು ಒಪ್ಪಿದ ಮೇಲೆಯೇ ಮರುಭೂಮಿಯಲ್ಲಿ ತೋಟ ನಿಂತದ್ದು ಎಂದು ನನಗೆ ತೋರುತ್ತದೆ.

ಮಾಹಾನಿನ ಹೆಸರು ಹೇಳಿದೆನಲ್ಲ, ಅದಕ್ಕೂ ನಮಗೂ ಹಳೆಯ ನಂಟು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಬಹಮನಿ ಸುಲ್ತಾನ ಅಹಮದ್ ಶಾಹ, ಮಾಹಾನಿನ ಸೂಫಿ ಶಾಹ ನಿಅಮತುಲ್ಲಾ ವಲಿಯ ಭಕ್ತ. 1431ರಲ್ಲಿ ವಲಿ ತೀರಿಕೊಂಡಾಗ ಅಲ್ಲಿಯ ಗೋರಿಗೆ ಗುಮ್ಮಟ ಕಟ್ಟಿಸಿದ್ದು ಬೀದರಿನ ಹಣ. ವಲಿಯ ಮಗ ಖಲೀಲುಲ್ಲಾ ಬೀದರಿಗೇ ಬಂದ. ಅಷ್ಟೂರಿನ ದಾರಿಯ ಚೌಖಂಡಿ ಅವನ ಸಮಾಧಿ. ಹೀಗೆ ಜನ ಬಂದ ದಾರಿಯಲ್ಲೇ ಸುರಂಗ ತೋಡುವ ವಿದ್ಯೆಯೂ ಬಂತು. ಬೀದರಿನ ಹತ್ತಿರ ನೌಬಾದಿನ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ, ಆ ಕಾಲದ್ದು. ಕೆಮ್ಮಣ್ಣು ಕಲ್ಲಿನೊಳಗೆ ಜಿನುಗಿದ ಮಳೆನೀರು ಕೆಳಗಿನ ಕರಿಗಲ್ಲಿಗೆ ತಡೆದು ನಿಲ್ಲುತ್ತದೆ. ಅದನ್ನು ಅಗೆದು ಹೊರತಂದ ಜಾಣರು ಅವರು. ಮಳೆ ಮಾಹಾನಿನ ಐದಾರು ಪಟ್ಟು ಬೀಳುವ ಊರಿನಲ್ಲೂ ಹನಿ ಹನಿ ಲೆಕ್ಕ ಹಾಕಿದ್ದರು. 2015ರ ಸುಮಾರಿಗೆ ಅದರ ಹೂಳು ತೆಗೆದಾಗ, ಶತಮಾನಗಳ ಕಸದ ಕೆಳಗಿನಿಂದ ನೀರು ಮತ್ತೆ ಬಂತು.

ಇರಾನಿನಲ್ಲಿ ಕನಾತುಗಳ ಬೆನ್ನು ಮುರಿದದ್ದು 1960ರ ದಶಕ. ಭೂಸುಧಾರಣೆ ಬಂತು. ಅದು ನ್ಯಾಯವೇ, ಬೇಡವೆನ್ನಲಾರೆ. ಆದರೆ ಹೂಳೆತ್ತಿಸಲು ಹಣ ಹಾಕುತ್ತಿದ್ದ ಜಮೀನ್ದಾರ ಹೋದ, ಆ ಹೊಣೆ ಯಾರದೆಂದು ಎಷ್ಟೋ ಕಡೆ ತೀರ್ಮಾನವಾಗಲಿಲ್ಲ. ಅದೇ ಹೊತ್ತಿಗೆ ಪಂಪುಸೆಟ್ಟು ಬಂತು. ಕನಾತ್ ನೆಲ ಕೊಟ್ಟಷ್ಟನ್ನು ಮಾತ್ರ ತರುತ್ತದೆ. ಪಂಪು ಕೇಳಿದಷ್ಟನ್ನು ಎಳೆಯುತ್ತದೆ. ಒಂದು ಆಳವಾದ ಬಾವಿ ಸುತ್ತಲಿನ ಸುರಂಗಗಳನ್ನು ಸದ್ದಿಲ್ಲದೆ ಒಣಗಿಸಿತು. ಅದೇ ಕೆರ್ಮಾನ್ ಪ್ರಾಂತದ ರಫ್ಸಂಜಾನ್ ಪಿಸ್ತಾ ತೋಟಗಳಿಗೆ ಲೋಕಪ್ರಸಿದ್ಧ. ಅಲ್ಲಿ ಬಾವಿಗಳು ಆಳಕ್ಕೆ ಹೋಗಿ, ನೀರು ಉಪ್ಪಾಗಿ, ನೆಲ ಕುಸಿದು, ಎಷ್ಟೋ ತೋಟಗಳು ನಿಂತಲ್ಲೇ ಒಣಗಿವೆ. 2016ರಲ್ಲಿ ಯುನೆಸ್ಕೋ ಹನ್ನೊಂದು ಕನಾತುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶಾಹ್‌ಜಾದೆ ತೋಟ ಅದಕ್ಕೂ ಮೊದಲೇ, 2011ರಲ್ಲಿ ಸೇರಿತ್ತು.

ನಮ್ಮ ಕಡೆ ಬಾಗಾಯ್ತು ಎಂದರೆ ಈಗ ಬೋರು. ಒಬ್ಬ 300 ಅಡಿ ಹೊಡೆಸಿದರೆ ಬದುವಿನಾಚೆಯವನು 500 ಹೊಡೆಸುತ್ತಾನೆ. ಮೊದಲಿನವನ ದ್ರಾಕ್ಷಿ ಒಣಗುತ್ತದೆ, ಸಾಲ ಉಳಿಯುತ್ತದೆ. 1882ರ ಈಸ್‌ಮೆಂಟ್ ಕಾಯಿದೆ ಜಮೀನಿನವನಿಗೆ ಅವನ ನೆಲದಡಿಯ ನೀರಿನ ಮೇಲೆ ಹಕ್ಕು ಕೊಟ್ಟಿತು. ಹರೀಮಿನ ಮಾತು ಅಲ್ಲಿಲ್ಲ. ಕರ್ನಾಟಕದ 1999ರ ಕಾಯಿದೆಯೊಂದು ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದಿತು. ಅದನ್ನು ಓದಿದಾಗ ಪರವಾಗಿಲ್ಲ, ಹನ್ನೆರಡು ನೂರು ವರ್ಷಗಳ ಮೇಲೆ ಇಬ್ನ್ ತಾಹಿರನ ಪಂಡಿತರು ನಮ್ಮ ವಿಧಾನಸಭೆಗೂ ಬಂದರಲ್ಲ ಎನಿಸಿತು. ಆದರೆ ಆ ಗೆರೆ ಊರ ಬಾವಿಯ ಸುತ್ತ ಮಾತ್ರ. ಒಂದು ತೋಟಕ್ಕೂ ಪಕ್ಕದ ತೋಟಕ್ಕೂ ನಡುವೆ ಆ ಕಾಯಿದೆ ಯಾವ ಗೆರೆಯನ್ನೂ ಎಳೆದಿಲ್ಲ.